ಅರ್ಧಕ್ಕೆ ನಿಂತ ನಗು

ಮ್ಹಾಪಸಾ
ಆಗಸ್ಟ್ 2006

ಅಂಬಿಕಾ ಅವರಿಗೆ,

ಕಳೆದ ಶುಕ್ರವಾರದ ಸಂತೆಯಲ್ಲಿ ನಿಮ್ಮ ಯಜಮಾನರು ಹುಲಿಗೆಪ್ಪನವರ ಎಕೋ ಪೆಡಲ್ ಕೊಂಡವನು ನಾನು. ಗಿಟಾರಿಗೆ ಜೋಡಿಸಿ ಸದ್ದನ್ನು ಮತ್ತೆ ಮತ್ತೆ ಮರುಕಳಿಸುವ ಇಂಥ ಹಳೆಯ ಪೆಡಲ್‌ಗಳನ್ನು ಕೂಡಿಡುವುದು ನನ್ನ ಹವ್ಯಾಸ. “ಅವರು ತೀರಿಕೊಂಡ ಮ್ಯಾಲ ಅದನ್ನ ನೋಡಾಕ ಆಗವಲ್ದ್ರಿ. ಒಯ್ರಿ ಅಣ್ಣಾರ,” ಎಂದಿರಿ. ಒಯ್ದೆ.

ಅದರೊಳಗೆ ಟೇಪಿನ ಸುರುಳಿಯೊಂದಿದೆ. ಕೊನೆಯ ಸಲ ಬಳಸಿದಾಗ ಅಚ್ಚಾದ ಕೆಲವು ಕ್ಷಣಗಳ ಸದ್ದು ಅದರಲ್ಲೇ ಉಳಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಒಮ್ಮೆ ಕೇಳಿಸಿ, ಕೇಳಿಸುತ್ತಲೇ ಅಳಿಸಿಹೋಗುತ್ತದೆ. ನಿನ್ನೆ ಪರೀಕ್ಷೆಗೆಂದು ಸ್ವಿಚ್ ಒತ್ತಿದೆ. ಹುಲಿಗೆಪ್ಪನವರು ಗಿಟಾರಿನ ಬದಲು ಮೈಕ್ ಸಿಕ್ಕಿಸಿದ್ದರೆಂದು ಕಾಣುತ್ತದೆ. “ಅಂಬೀ, ನಗಬ್ಯಾಡ. ನಿನ್ನ ಹೆಸರು ಎಷ್ಟು ಸಲ ತಿರುಗಿ ಬರತೈತಿ ನೋಡು,” ಎಂಬ ದನಿ ಬಂತು. ಹಿಂದೆಯೇ ಹೆಂಗಸಿನ ನಗು ಶುರುವಾಯಿತು. ನಾನು ಪ್ಲಗ್ ಕಿತ್ತೆ.

ಆ ಮಾತು ಈಗ ಟೇಪಿನಲ್ಲಿಲ್ಲ. ನನ್ನ ಕಿವಿಯಲ್ಲಿದೆ, ಅದಕ್ಕೇ ಇದ್ದಂತೆ ಬರೆದಿದ್ದೇನೆ. ಮುಂದಿನದು ಇನ್ನೂ ಅಲ್ಲಿದೆ.

ಕ್ಯಾಸೆಟ್ಟಿಗೆ ಇಳಿಸಿ ಕಳಿಸಬಹುದಿತ್ತು. ಹಾಗೆ ಮಾಡಲು ನಿಮಗಿಂತ ಮೊದಲು ನಾನು ಅದನ್ನು ಕೇಳಿಸಿಕೊಳ್ಳಬೇಕಾಗುತ್ತಿತ್ತು. ಈ ಶುಕ್ರವಾರ ಸಂತೆ ಮುಗಿಸಿ ಮನೆಗೆ ಬನ್ನಿ. ಬಸ್ ನಿಲ್ದಾಣದ ಹಿಂದಿನ ಓಣಿ, ನೀಲಿ ಗೇಟು. ಮಕ್ಕಳನ್ನು ಕರೆತರುವುದಾದರೆ ಎಲ್ಲರನ್ನೂ ಒಟ್ಟಿಗೇ ಕರೆತನ್ನಿ. ರೆಕಾರ್ಡರ್ ಪಕ್ಕದಲ್ಲಿಟ್ಟಿರುತ್ತೇನೆ, ಬೇಕೆನಿಸಿದರೆ ಬಳಸಿ. ಸ್ವಿಚ್ ನೀವೇ ಒತ್ತಬೇಕು. ನಾನು ಹೊರಗೆ ಜಗಲಿಯಲ್ಲಿರುತ್ತೇನೆ.

ಸಂತೆಯಲ್ಲಿ ನೀವು ನಗಲಿಲ್ಲ. ಆದರೂ ಆ ನಗು ನಿಮ್ಮದೆಂದು ಗುರುತಾಯಿತು. ಅದು ಅರ್ಧಕ್ಕೆ ನಿಂತು ನನ್ನ ಮನೆಯಲ್ಲಿದೆ. ಬಂದು ಒಯ್ಯಿರಿ.

ಇಂತಿ,
ವಸಂತ ಕಡಕೋಳ