ದೀಪದ ಪಕ್ಕದ ಫೋನು

ಸೋಮವಾರ, ಬೆಳಿಗ್ಗೆ

ನನ್ನ ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಇವತ್ತು ಉಪವಾಸ. ನೀರು ಬಿಟ್ಟರೆ ಬೇರೇನೂ ಬಾಯಿಗೆ ಹಾಕಿಲ್ಲ. ನೆಲ ಒರೆಸಿ, ಬಟ್ಟೆ ಒಣಹಾಕಿ, ದೀಪ ಹಚ್ಚಿ ಕಾಗದ ಹಿಡಿದು ಕೂತಿದ್ದೇನೆ. ವಾರಕ್ಕೊಂದು ಇದ್ದ ಉಪವಾಸ ಈಗ ನಾಲ್ಕಾಗಿದೆ ಅಂತ ಪಕ್ಕದ ಮನೆಯವಳು ಗೊಣಗುತ್ತಾಳೆ. ಗೊಣಗಲಿ ಬಿಡು.

ನಿನ್ನ ಗಂಡನಿಗೆ ಕದ್ದು ಕೇಳಲಾಗದಂಥ ಫೋನ್ ಹುಡುಕು ಅಂತ ನೀನು ಬರೆದಿದ್ದೆ. ಬೀದಿ ತುದಿಯ ರಿಪೇರಿ ಅಂಗಡಿಯವಳು ಎರಡು ಕೊಟ್ಟಳು. ಎರಡೂ ಲಿನಕ್ಸ್ ಫೋನಂತೆ. ಅಂದರೆ ಒಳಗೆ ಏನು ಬರೆದಿದೆಯೋ ಅದನ್ನು ತಿಳಿದವರು ಯಾರು ಬೇಕಾದರೂ ಬಿಚ್ಚಿ ಓದಬಹುದು, ಮುಚ್ಚುಮರೆ ಇಲ್ಲ. "ಒಂದೊಂದು ವಾರ ನೀವೇ ಇಟ್ಕೊಂಡು ನೋಡೀಮ್ಮಾ. ನಿಮ್ಮ ಕೈಗೆ ಬಗ್ಗಿದ್ರೆ ಯಾರ ಕೈಗಾದ್ರೂ ಬಗ್ಗುತ್ತೆ" ಅಂದಳು. ನಾನು ಏಳನೇ ಕ್ಲಾಸು ಅಂತ ಅವಳಿಗೆ ಗೊತ್ತು. ನಾನೂ ನಕ್ಕೆ.

ಮೊದಲನೆಯದು ಇಟ್ಟಿಗೆಯ ಹಾಗೆ ಭಾರ. ಪಕ್ಕದಲ್ಲೇ ಮೂರು ಸ್ವಿಚ್ಚು. ಒಂದು ಮೈಕು ಮತ್ತು ಕ್ಯಾಮೆರಾಕ್ಕೆ, ಒಂದು ಸಿಮ್ಮಿಗೆ, ಇನ್ನೊಂದು ವೈಫೈಗೆ. ಕೆಳಗೆ ಒತ್ತಿದರೆ ಅದಕ್ಕೆ ಹೋಗುವ ಕರೆಂಟೇ ನಿಂತುಹೋಗುತ್ತದೆ. ತಯಾರಿಸಿದವರೇ ತಮ್ಮ ತಂತ್ರಾಂಶ ಹಾಕಿ ಕೊಟ್ಟಿದ್ದಾರೆ, ಮೊದಲ ದಿನದಿಂದ ಜಗಳವಾಡದೆ ನಡೆಯಿತು. ಕರೆ ಬಂದ ತಕ್ಷಣ ಹೊಡೆದುಕೊಳ್ಳುತ್ತದೆ. ಆದರೆ ಕೈಯಲ್ಲಿ ಹಿಡಿದರೆ ಬಿಸಿ, ಮಧ್ಯಾಹ್ನ ಮೂರಕ್ಕೆಲ್ಲ ಚಾರ್ಜು ಖಾಲಿ.

ಎರಡನೆಯದು ಹಗುರ. ಉಗುರಿನಲ್ಲೇ ಹಿಂದಿನ ಮುಚ್ಚಳ ತೆಗೆಯಬಹುದು, ಬ್ಯಾಟರಿ ಕೈಗೆ ಬಂದುಬಿಡುತ್ತದೆ. ಇದಕ್ಕೂ ಸ್ವಿಚ್ಚುಗಳಿವೆ, ಆದರೆ ಒಳಗೆ, ಸಾಸಿವೆ ಕಾಳಿನಷ್ಟು. ಪಿನ್ನಿನಿಂದ ತಳ್ಳಬೇಕು. ತಂತ್ರಾಂಶವನ್ನು ನಾವೇ ಆರಿಸಿ ಹಾಕಿಕೊಳ್ಳಬೇಕಂತೆ. ಅಂಗಡಿಯವಳು ಮೂರು ಪುಟಾಣಿ ಕಾರ್ಡುಗಳಲ್ಲಿ ಮೂರು ಬಗೆಯದು ಕೊಟ್ಟಿದ್ದಳು. ಒಂದು ನೋಡಲು ಚೆಂದ, ನಡಿಗೆ ಆಮೆ. ಇನ್ನೊಂದರಲ್ಲಿ ನನ್ನ ದನಿ ಆ ಕಡೆಯವರಿಗೆ ಕೇಳಿಸಲಿಲ್ಲ. ಮೂರನೆಯದು ನನಗೆ ಒಗ್ಗಿತು. ಆದರೆ ನಿದ್ದೆಯಲ್ಲಿದ್ದರೆ ಅದು ಎದ್ದು ಕರೆ ತೋರಿಸುವಷ್ಟರಲ್ಲಿ ಕರೆದವರು ಬೇಸತ್ತು ಇಟ್ಟಿರುತ್ತಾರೆ. ಫೋಟೋ ಎರಡರಲ್ಲೂ ಮಸುಕು. ಬ್ಯಾಂಕಿನ ಆ್ಯಪು ಎರಡಕ್ಕೂ ಹತ್ತುವುದಿಲ್ಲ.

ನಿನಗೆ ಭಾರದ್ದೇ ಇರಲಿ. ಚಾರ್ಜು ಮುಗಿದರೆ ಮತ್ತೆ ಹಾಕಬಹುದು. ಆದರೆ ನಿನ್ನ ಗಂಡ ಬಂದು ಬಾಗಿಲು ಬಡಿಯುವಾಗ ನೀನು ಕರೆದವರು ತಿರುಗಿ ಕರೆದರೆ ಫೋನು ತೂಕಡಿಸಬಾರದು. ಹಗುರದ್ದು ನಾನು ಇಟ್ಟುಕೊಂಡಿದ್ದೇನೆ.

ನನಗೇಕೆ ಬೇಕಿತ್ತು ಅಂತ ಕೇಳುತ್ತೀಯ. ಎರಡು ತಿಂಗಳಿಂದ ಇದನ್ನು ಬರೆಯಲು ಕೂರುತ್ತೇನೆ, ಏಳುತ್ತೇನೆ.

ನೀನು ಗಂಡನ ಮನೆ ಬಿಡುವ ಮುಂಚೆ ಅಳಿಯ ನನಗೊಂದು ಫೋನ್ ಕೊಡಿಸಿದ್ದ, ನೆನಪಿದೆಯಾ? "ಅತ್ತೆ, ಇದರಲ್ಲಿ ಸ್ತೋತ್ರ ಹಾಕಿಕೊಟ್ಟಿದೀನಿ, ದಿನಾ ಕೇಳಿ" ಅಂದಿದ್ದ. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ದೇವರ ದೀಪದ ಪಕ್ಕದಲ್ಲೇ ಇಟ್ಟೆ. ನೀನು ಓಡಿಹೋಗಿ ಕೋಣೆ ಹಿಡಿದ ಮೇಲೆ ಪ್ರತಿದಿನ ದೇವರಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ನನ್ನ ಮಗಳು ಬಟ್ಟೆ ಒಗೆಯುವ ಕಾರ್ಖಾನೆಯ ಹಿಂದೆ, ಹಸಿರು ಗೇಟಿನ ಮನೆಯ ಮಹಡಿಯಲ್ಲಿದ್ದಾಳೆ, ಕಣ್ಣಿಟ್ಟಿರಪ್ಪಾ ಅಂತ. ವಿಳಾಸ ಸರಿಯಾಗಿ ಹೇಳದಿದ್ದರೆ ದೇವರು ಬೇರೆ ಯಾರನ್ನೋ ಕಾದಾನು ಅಂತ ನನ್ನ ಹುಚ್ಚು ಲೆಕ್ಕ. ದೇವರ ಜೊತೆ ಇನ್ನೊಬ್ಬನೂ ಕೇಳುತ್ತಿದ್ದ.

ಅಳಿಯ ಹಸಿರು ಗೇಟಿಗೆ ಬಂದು ನಿನ್ನ ಕೈ ಮುರಿದ ವಾರವೇ, ಸುಮ್ಮನಿದ್ದ ಫೋನು ಬಿಸಿಯಾಗುತ್ತದೆ ಅಂತ ಅಂಗಡಿಗೆ ಒಯ್ದೆ. ಅವಳು ನೋಡಿ ಬೆಚ್ಚಿಬಿದ್ದಳು. "ಯಾರು ಕೊಡಿಸಿದ್ದಮ್ಮಾ ಇದು? ನೀವು ಆಡಿದ ಮಾತೆಲ್ಲಾ ಇನ್ಯಾರ ಹತ್ರಾನೋ ಹೋಗ್ತಿದೆಯಲ್ಲಾ!" ಅಂದಳು.

ನೀನು ಮಾತ್ರ ನಿನ್ನ ಕೋಣೆಯ ಗೆಳತಿ, ಆ ದಪ್ಪ ಕನ್ನಡಕದವಳೇ ವಿಳಾಸ ಕೊಟ್ಟಳು ಅಂದುಕೊಂಡೆ. ಬಾಯಿಗೆ ಬಂದಂತೆ ಬೈದು, ಕೋಣೆ, ಕೆಲಸ ಎರಡನ್ನೂ ಬಿಟ್ಟು ಬೇರೆ ಕಡೆ ಹೋದೆ. "ಅವಳ ಮುಖ ನೋಡಲ್ಲ" ಅಂತ ನನಗೆ ಬರೆದೆ. ನಾನು ಓದಿ ಮಡಿಸಿಟ್ಟೆ, ಬಾಯಿ ಬಿಡಲಿಲ್ಲ. ನಿನ್ನ ಕೈಗೆ ಪಟ್ಟಿ ಕಟ್ಟಿಸಿದವಳು, ತುತ್ತು ತಿನ್ನಿಸಿದವಳು ಅವಳೇ. ತಪ್ಪು ನನ್ನದು ಮಗಳೇ, ಅವಳದಲ್ಲ.

ಹಗುರದ ಫೋನು ನನಗೆ ಅದಕ್ಕೇ. ದೇವರ ಮುಂದೆ ಕೂರುವ ಮುಂಚೆ ಬ್ಯಾಟರಿಯನ್ನೇ ಕಿತ್ತು ಅಡುಗೆಮನೆಯಲ್ಲಿ ಇಟ್ಟು ಬರುತ್ತೇನೆ. ಸ್ವಿಚ್ಚನ್ನು ನಂಬುವಷ್ಟು ಧೈರ್ಯ ನನಗೀಗ ಇಲ್ಲ.

ಕೈ ನೋವು ಹೇಗಿದೆ? ಭಾರ ಎತ್ತಬೇಡ.

ಇಂತು ನಿನ್ನನ್ನು ಕಾಯಲು ಹೋಗಿ ಕಾಡಿದ,
ನಿನ್ನ ಅಮ್ಮ

ಮರೆತದ್ದು: ಅಳಿಯನ ಫೋನನ್ನು ನಾನು ಎಸೆದಿಲ್ಲ. ದೀಪದ ಪಕ್ಕದಲ್ಲೇ ಇದೆ, ಚಾರ್ಜು ಹಾಕಿ ಇಟ್ಟಿದ್ದೇನೆ. ಈಗಲೂ ಗಟ್ಟಿಯಾಗಿ ಬೇಡಿಕೊಳ್ಳುತ್ತೇನೆ. ನನ್ನ ಮಗಳು ದೂರದ ಬಂದರಿನ ಊರಲ್ಲಿ, ಪೊಲೀಸ್ ಠಾಣೆಯ ಎದುರು ಮನೆಯಲ್ಲಿದ್ದಾಳೆ ಅಂತ. ನಿಜವಾದ ವಿಳಾಸವನ್ನು ಮನಸ್ಸಿನಲ್ಲೇ ಹೇಳುತ್ತೇನೆ. ದೇವರ ಮುಂದೆ ಸುಳ್ಳಾಡಿದ ದಿನ ಊಟ ಬಿಡುತ್ತೇನೆ. ಮೊನ್ನೆ ಅಳಿಯನ ತಂಗಿ ಸಿಕ್ಕಿದ್ದಳು. ಅಣ್ಣ ಅದೇ ಊರಿಗೆ ಹೋಗಿ ವಾರವಾಯಿತಂತೆ.

ಈ ಕಾಗದವನ್ನೂ ನಿನ್ನ ಭಾರದ ಫೋನನ್ನೂ ತಂದವಳು ಕನ್ನಡಕದವಳೇ. ಅವಳಿಗೆ ನಿನ್ನ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟೆ, ಬಾಯಲ್ಲಿ ಹೇಳಲಿಲ್ಲ. ಉತ್ತರವನ್ನು ಅಂಚೆಗೆ ಹಾಕಬೇಡ. ಭಾನುವಾರ ಅವಳೇ ಬಂದು ತೆಗೆದುಕೊಂಡು ಹೋಗಲಿ. ಅವಳನ್ನು ಬಾಗಿಲಲ್ಲೇ ನಿಲ್ಲಿಸಬೇಡ.