ನುಂಗಿದ ಪುಟ

ಮಾರ್ಚ್ ೧೪, ರಾತ್ರಿ. ನನ್ನ ದೇಹವನ್ನೂ ಹೆಣ್ಣಾಗಿಸಿದ ಶಸ್ತ್ರಚಿಕಿತ್ಸೆಗೆ ಇಂದಿಗೆ ಹನ್ನೆರಡು ವಾರ. ತಪಾಸಣೆಗೆ ಹೋದಾಗ, ಗಂಡನೊಡನೆ ಮತ್ತೆ ಯಾವಾಗ ಕೂಡಬಹುದು, ಗಾಯಕ್ಕೆ ಅಪಾಯವಾಗದಂತೆ ಹೇಗೆ ಎಂದು ಕೇಳಿದೆ. ವೈದ್ಯ ಮಹಾಶಯರು ಜೊತೆಗೆ ಬಂದಿದ್ದ ಅಕ್ಕನ ಕಡೆ ತಿರುಗಿದರು: “ಆಪರೇಷನ್ ಚೆನ್ನಾಗಾಗಿದೆಯಲ್ಲಮ್ಮ, ಇನ್ನೇನು ಬೇಕಂತೆ ಇವರಿಗೆ?”

“ಅವಳು ಇಲ್ಲೇ ಕೂತಿದಾಳೆ ಸಾರ್, ಕಿವೀನೂ ಕೇಳ್ಸುತ್ತೆ,” ಎಂದಳು ಅಕ್ಕ.

ಆಸ್ಪತ್ರೆಯಲ್ಲಿ ಕೊಟ್ಟ ಅನುವಾದಿತ ಕೈಪಿಡಿಯಲ್ಲಿ ಮೂತ್ರಕ್ಕೆ ನಾಲ್ಕು ಪುಟ. ಪರಿವಿಡಿಯಲ್ಲಿರುವ ‘ಲೈಂಗಿಕ ಸುಖ’ ಒಳಗೆಲ್ಲೂ ಇಲ್ಲ. ನಾಚಿ ಪುಟ ನುಂಗುವ ಅನುವಾದಕರನ್ನು ಅನುವಾದಿತ ಕಾದಂಬರಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅಲ್ಲಿ ಯಾರ ಹೊಲಿಗೆಯೂ ಬಿಚ್ಚುವುದಿಲ್ಲ.

ಮನೆಯಲ್ಲಿ ಗಂಡ, “ಮೆಲ್ಲಗೆ ನೋಡೋಣ್ವಾ?” ಎಂದರು. ಆಸೆ ನನಗೂ ಇದೆ, ಆದರೆ ಊಹೆಯ ಮೇಲೆ ಬೇಡ. ಸೋಮವಾರ ಬೇರೆ ವೈದ್ಯೆಯ ಬಳಿ ಇಬ್ಬರೂ ಹೋಗುವುದು. ಅವರು ಪರೀಕ್ಷಿಸಿ ಉತ್ತರಿಸುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ.