ಬೈಯುವವರಿಲ್ಲದ ಮನೆ

ಹಡಪಸರ, ಪುಣೆ
12 ಫೆಬ್ರವರಿ 2025

ಪ್ರೀತಿಯ ಶಿವಕಾಂತಕ್ಕನಿಗೆ,

ಕುಸುಮ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನನ್ನ ರಕ್ತವೊಂದನ್ನು ಬಿಟ್ಟು. ನಿಮ್ಮ ಕಾಗದವೂ ಕಷಾಯದ ಪುಡಿಯೂ ಸಂಕ್ರಾಂತಿಗೇ ಬಂದವು. ಉತ್ತರ ತಡವಾಯಿತು, ಸಿಟ್ಟಾಗಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಸಾಕು, ಇವರು ಎದುರಿಗೆ ಬಂದು ಕೂತು, ನಾನೇನೋ ಕೊನೆಯ ಮಾತು ಆಡುತ್ತಿದ್ದೇನೆ ಎಂಬಂತೆ ಕೇಳಿಸಿಕೊಳ್ಳುತ್ತಾರೆ. ಈಗ ನಮ್ಮ ಹೋಟೆಲಿಗೆ ತರಕಾರಿ ತರಲು ಮಾರ್ಕೆಟ್ ಯಾರ್ಡಿಗೆ ಹೋಗಿದ್ದಾರೆ, ಅದಕ್ಕೇ ಪೆನ್ನು ಹಿಡಿದೆ.

"ಔಷಧನ ಕೊಡದ ಡಾಕ್ಟರ್ ಎಂಥಾಂವ?" ಎಂದು ಕೇಳಿದ್ದಿರಿ. ಅಕ್ಕ, ನನ್ನದು ರಕ್ತದ ಕ್ಯಾನ್ಸರೇ, ಆದರೆ ನಿಧಾನದ್ದು. ಹೊತ್ತಿಗೆ ಸರಿಯಾಗಿ ಸಾಯಬೇಕಾದ ಬಿಳಿ ಕಣಗಳು ಸಾಯದೆ ಗುಂಪುಗೂಡುತ್ತವಂತೆ. ಸದ್ಯಕ್ಕೆ ಮದ್ದು ಬೇಡ, ಮೂರು ತಿಂಗಳಿಗೊಮ್ಮೆ ತೋರಿಸಿ, ಏರಿದರೆ ಆಗ ನೋಡೋಣ, ಅಲ್ಲಿಯವರೆಗೆ ಮನೆಗೆ ಹೋಗಿ ಮೊದಲಿನ ಹಾಗೇ ಬದುಕಿ ಎಂದರು ಡಾಕ್ಟರು. ನಾನು ತಯಾರಿದ್ದೆ. ಮನೆಯವರು ತಯಾರಿಲ್ಲ. ಆ ದಿನದಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಬೈದಿಲ್ಲ.

ಪುಣ್ಯವಂತೆ ಎನ್ನುತ್ತೀರಿ. ಪಕ್ಕದ ಮನೆಯಲ್ಲಿದ್ದು ಅಷ್ಟು ವರ್ಷ ನಮ್ಮ ಜಗಳ ಕೇಳಿದವರು ನೀವು. ಚಟ್ನಿಗೆ ಕಾಯಿ ಎಷ್ಟು ಎಂಬ ಒಂದೇ ವಿಷಯಕ್ಕೆ ನಾನೂ ಇವರೂ ಅರ್ಧ ಗಂಟೆ ಕಾದಾಡುತ್ತಿದ್ದೆವು. ನೀವು ಗೋಡೆ ಬಡಿದು, "ಏ ಕಾಂತಪ್ಪಣ್ಣಾ, ನಿಮ್ಮ ಆಕಾಶವಾಣಿ ಬಂದ್ ಮಾಡ್ರಿ!" ಎನ್ನುತ್ತಿದ್ದಿರಿ. ಈಗ ಆ ಸ್ಟೇಷನ್ನೇ ಇಲ್ಲ. ಪಾತ್ರೆ ತಿಕ್ಕುವ ರಂಗೂಬಾಯಿ ತಳ ಹಿಡಿದ ಪಾತ್ರೆ ಕಂಡರೆ ನನ್ನ ತವರಿನವರನ್ನೆಲ್ಲ ನೆನೆಯುತ್ತಿದ್ದಳು. ಈಗ "ಅಸೂ ದೇ, ವಹಿನಿ" ಎಂದು, ಇರಲಿ ಬಿಡಿ ಅತ್ತಿಗೆ ಎನ್ನುವ ಹಾಗೆ, ಮೆತ್ತಗೆ ತಿಕ್ಕುತ್ತಾಳೆ. ಹೋದ ವಾರ ಹಾಲು ಉಕ್ಕಿಸಿ ಒಲೆಯೆಲ್ಲ ಹಾಳು ಮಾಡಿದೆ. ಸೊಸೆ ಪ್ರಣೀತಾ ಒರೆಸಿ, "ಅತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದಳು. ಈ ಮರ್ಯಾದೆಯಲ್ಲಿ ಬದುಕುವುದು ಭಾರೀ ಬೇಜಾರು.

ಇನ್ನು ಸುರಭಿಯ ಕಥೆ. ನಿಮ್ಮ ಧಾರವಾಡದ ಹುಡುಗಿ, ಇಲ್ಲೊಂದು ಸಂಶೋಧನಾ ಲ್ಯಾಬಿನಲ್ಲಿದ್ದಾಳೆ. ನನ್ನಂಥವರ ರಕ್ತದಲ್ಲಿ ಸಣ್ಣ ಆರ್‌ಎನ್‌ಎ ಎಂಬುದನ್ನು ಎಣಿಸುವುದು ಅವಳ ಕೆಲಸ. ಆಸ್ಪತ್ರೆಗೆ ಬಂದು ನನ್ನ ರಕ್ತ ಕೇಳಿದಳು. ಅದೆಂತದು ಎಂದು ಇವರು ಕೇಳಿದ್ದಕ್ಕೆ, ಇವರಿಗೆ ಕಾಕಾ, ನನಗೆ ಮಾವಶಿ ಎನ್ನುತ್ತ ಕೂತು ವಿವರಿಸಿದಳು:

"ಕಾಕಾ, ಜೀವಕೋಶದಾಗ ಇದನ್ನ ಮಾಡು, ಅದನ್ನ ಮಾಡು ಅಂತ ಆರ್ಡರ್ ಹೋಗ್ತಿರ್ತಾವ್ರಿ. ಈ ಸಣ್ಣ ಆರ್‌ಎನ್‌ಎ ಮನೀ ಹಿರ್ಯಾರಿದ್ಹಂಗ. ಭಾಳ ಆತು, ಸಾಕು ಬಿಡು ಅಂತ ಆರ್ಡರ್ ತಡೀತಾವ. ಮಾವಶಿಯಂಥಾವರ ರಕ್ತದಾಗ ಭಾಳ ಸಲ ಇಂಥಾವು ಒಂದೆರಡು ಕಡಿಮಿ ಆಗಿರ್ತಾವ. ಬೈಯೋರಿಲ್ಲ ಅಂದಮ್ಯಾಲೆ ಆ ಬಿಳಿ ಕಣ ಸಾಯವಲ್ವು."

ಇವರು ಕೂಡಲೇ, "ಹಾಗಾದ್ರೆ ಅದನ್ನೇ ತರಿಸುವ. ಎಲ್ಲಿ ಸಿಗ್ತದೆ? ಹೋಲ್‌ಸೇಲಿನಲ್ಲಿ ಉಂಟಾ?" ಎಂದರು.

"ಎಲ್ಲೂ ಸಿಗೂದಿಲ್ರಿ. ಇನ್ನೂ ಎಣಸೂದ ನಡದದ. ಯಾರ ಬ್ಯಾನಿ ಸುಮ್ಮನ ಮಲಗಿರ್ತದ, ಯಾರದು ಏಳ್ತದ ಅಂತ ಮುಂದ ಗೊತ್ತಾದ್ರೂ ಆಗಬಹುದು. ಮಾವಶಿಗೆ ಇದರಿಂದ ಏನೂ ಉಪಯೋಗ ಇಲ್ಲ."

ಮುಖಕ್ಕೆ ಹೊಡೆದಂತೆ ಹೇಳಿದಳು. ಅಷ್ಟಕ್ಕೇ ನನಗೆ ಅವಳು ಇಷ್ಟವಾದಳು.

ಕಡಿಮೆಯಾಗಿದೆ ಎಂದು ತಿಳಿಯಲು ಹೋಲಿಸಿ ನೋಡಬೇಕಲ್ಲ, ಅದಕ್ಕೆ ನನ್ನ ವಯಸ್ಸಿನ ಆರೋಗ್ಯವಂತರ ರಕ್ತ ಬೇಕಿತ್ತು. ಸುಮ್ಮನೆ ಕೂರಲಾರದ ಇವರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಬೆಳಿಗ್ಗೆ ವಾಕಿಂಗ್ ಮುಗಿಸಿ ನಮ್ಮಲ್ಲಿ ಕಾಫಿ ಕುಡಿಯುವ ಗುಂಪನ್ನೇ ಟೆಂಪೋಗೆ ಹತ್ತಿಸಿಕೊಂಡು ಲ್ಯಾಬಿಗೆ ಹೋದರು, ನಾನೂ ಜೊತೆಗೆ ಹೋದೆ. ಷರತ್ತು ಒಂದೇ: ಖಾಲಿ ಹೊಟ್ಟೆ. ಎಣ್ಣೆ, ತುಪ್ಪ ತಿಂದರೆ ರಕ್ತದ ನೀರು ಕದಡಿ ಎಣಿಕೆ ಕೆಡುತ್ತದಂತೆ. ಇದನ್ನು ಸುರಭಿ ನನಗೂ ಹೇಳಿದ್ದಳು. ನಾನೂ ತಲೆಯಾಡಿಸಿದ್ದೆ.

ಆದರೆ ಶಿವಕ್ಕ, ಲ್ಯಾಬಿನಲ್ಲಿ ಯಂತ್ರ ಕೆಟ್ಟು ತಡವಾಯಿತು. ಚಳಿಯಲ್ಲಿ ಅಷ್ಟೊಂದು ಹಿರಿಯರು ಬೆಂಚಿನ ಮೇಲೆ ಕೂತು ಎಂಜಲು ನುಂಗುತ್ತಿದ್ದಾರೆ, ನನ್ನ ಮಡಿಲಲ್ಲಿ ರಕ್ತ ಕೊಟ್ಟ ಮೇಲೆ ಹಂಚಲೆಂದು ಎಣ್ಣೆಯಲ್ಲಿ ಕರಿದು ತಂದ ಬಾಳೆಹಣ್ಣಿನ ಬನ್ಸಿನ ಡಬ್ಬಿ ಘಮಘಮ ಎನ್ನುತ್ತಿದೆ. ಬ್ಯಾಂಕಿನಲ್ಲಿದ್ದ ಗೋಡಬೋಲೆಯವರು ಡಬ್ಬಿಯ ಕಡೆಗೇ ಬಾಗಿ ಕೂತಿದ್ದರು, ಒಂದು ಕೊಟ್ಟೆ. ಒಬ್ಬರಿಗೆ ಕೊಟ್ಟು ಪಕ್ಕದವರಿಗೆ ಕೊಡದಿದ್ದರೆ ಪಂಕ್ತಿಭೇದವಾಗುವುದಿಲ್ಲವೇ? ಇನ್ನೊಂದು ಸುತ್ತೂ ಬಂದೆ. ಡಬ್ಬಿ ಖಾಲಿ, ಚಟ್ನಿಯೂ ಖಾಲಿ. ಸುರಭಿ ಬಂದು ಏನಾದರೂ ತಿಂದಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದಾಗ ನನ್ನ ಮಾನ ಉಳಿಸಲು ಎಲ್ಲರೂ ಒಟ್ಟಿಗೆ ಇಲ್ಲವೆಂದರು. ಗೋಡಬೋಲೆಯವರು ಮೀಸೆಯ ಮೇಲೆ ಚಟ್ನಿ ಇಟ್ಟುಕೊಂಡೇ ಇಲ್ಲವೆಂದರು.

ಮಧ್ಯಾಹ್ನದ ಹೊತ್ತಿಗೆ ಅವಳು ಟ್ಯೂಬು ಹಿಡಿದು ಹೊರಗೆ ಬಂದಳು. ತಿಳಿಯಾಗಿರಬೇಕಾದ ರಕ್ತದ ನೀರು ಮಜ್ಜಿಗೆಯಂತಿತ್ತು.

"ಮಾವಶಿ, ಬುದ್ಧಿ ಎಲ್ಲಿಟ್ಟು ಬಂದೀರಿ? ತಿಂಗಳಗಟ್ಟಲೆ ಅಲದಾಡಿ ಈ ಕೆಲಸ ಇಲ್ಲೀತನಕ ತಂದೀನಿ! ಇದನ್ನೂ ನಿಮ್ಮ ಹೋಟೆಲ್ ಅಂತ ತಿಳದೀರೇನು?"

ಇವರು ನಡುವೆ ಬಂದು, "ಅವಳಿಗೆ ಎಂತದೂ ಹೇಳ್ಬೇಡ ಮಗಾ, ಅವಳಿಗೆ ಹುಷಾರಿಲ್ಲ" ಎಂದರು.

"ಹುಷಾರಿಲ್ಲ ಅಂದ್ರ ಬೈಸಿಕೊಳ್ಳಾಕ ಏನ್ ಅಡ್ಡಿ ಅದ?"

ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾಡಿದ್ದು ತಪ್ಪೇ, ನಾಚಿಕೆಯೂ ಆಯಿತು. ಆದರೂ ಸುಳ್ಳೇಕೆ ಹೇಳಲಿ, ಆ ಬೈಗುಳ ಕಿವಿಗೆ ಬೀಳುತ್ತಲೇ ನನಗೆ ಜೋರಾಗಿ ಹಸಿವಾಯಿತು. ಆವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಮುಂದಿನ ವಾರ ಎಲ್ಲರೂ ಮತ್ತೆ ಹೋಗಿ, ನಿಜವಾಗಿಯೂ ಉಪವಾಸವಿದ್ದು ರಕ್ತ ಕೊಟ್ಟು ಬಂದರು. ನನಗೆ ಬರಕೂಡದೆಂದು ಸುರಭಿಯ ಆಜ್ಞೆ. ನನ್ನ ಹೊಸ ರಿಪೋರ್ಟೂ ಬಂತು: ಏರಿಲ್ಲ, ಮದ್ದು ಬೇಡ, ಮತ್ತೆ ಮೂರು ತಿಂಗಳು. ನಿಮ್ಮ ಕಷಾಯದ ಪುಡಿಯನ್ನು, ನನಗೆ ಕಹಿಯಾದೀತೆಂದು, ಇವರೇ ಕುಡಿದು ಮುಗಿಸಿದರು. ಇವರ ಆರೋಗ್ಯ ಬಹಳ ಸುಧಾರಿಸಿದೆ.

ಭಾವನವರ ಮೊಣಕಾಲು ನೋವು ಬೇಗ ಇಳಿಯಲಿ. ನಿಮ್ಮ ಮೊಮ್ಮಗ ಪ್ರಣವನಿಗೆ ಒಳ್ಳೆಯ ವಿದ್ಯೆ ಹತ್ತಲಿ, ನೂರು ಕಾಲ ಬಾಳಲಿ.

ನಿಮ್ಮ
ಕುಸುಮ

ಮರುಬರಹ: ಲಕೋಟೆ ಅಂಟಿಸಲು ಹೋದವಳು ತಿರುಗಿ ಬಂದೆ. ನಿನ್ನೆ ಬೇಕೆಂದೇ ಸಾರಿಗೆ ಎರಡು ಹಿಡಿ ಉಪ್ಪು ಹಾಕಿದೆ, ಅಕ್ಕ. ಒಂದು ಹರಳು ಹೆಚ್ಚಾದರೆ ತಟ್ಟೆ ದೂಡುತ್ತಿದ್ದ ಮನುಷ್ಯ. ಮೊದಲ ತುತ್ತಿಗೇ ಇವರ ಮುಖ ಕಿವಿಚಿತು. ನಾನು ಸೊಂಟಕ್ಕೆ ಕೈಯಿಟ್ಟು ಕಾದೆ, ತಿರುಗಿ ಹೇಳುವ ಮಾತೂ ಬಾಯಲ್ಲೇ ಇತ್ತು. ಇವರು ಅಷ್ಟನ್ನೂ ಉಂಡು, "ಲಾಯ್ಕಾಗಿದೆ ಕುಸುಮ" ಎಂದು ಇನ್ನೊಂದು ಸೌಟು ಹಾಕಿಸಿಕೊಂಡರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ. ಡಾಕ್ಟರ ಪಾಲಿಗೆ ನಾನಿನ್ನೂ ಬದುಕಿದ್ದೇನೆ. ಇವರು ಆಗಲೇ ನನ್ನನ್ನು ಕಳೆದುಕೊಂಡವರಂತೆ ಇದ್ದಾರೆ. ನನಗೆ ನಿಜವಾಗಿ ಹೆದರಿಕೆಯಾದದ್ದು ನಿನ್ನೆಯೇ. ಬನ್ಸ್ ಹಂಚಿ ಆ ಹುಡುಗಿಯ ಕೆಲಸ ಕೆಡಿಸಿದ್ದಕ್ಕೆ ನೀವಾದರೂ ನನ್ನನ್ನು ಚೆನ್ನಾಗಿ ಬೈದು ಬರೆಯಿರಿ, ಒಂದು ಪುಟಕ್ಕೆ ಕಡಿಮೆ ಬೇಡ. ಇವರ ಎದುರಿಗೆ ನಿಂತು ಗಟ್ಟಿಯಾಗಿ ಓದುತ್ತೇನೆ.